ಸ್ಕೇಲ್ ಡ್ರಾಯಿಂಗ್ ಲೆಕ್ಕ: ಮೇಲೆ ಚಿತ್ರ, ಕೆಳಗೆ ನಿಜ

ಸ್ಕೇಲ್ ಡ್ರಾಯಿಂಗ್ ಅಂದರೆ ನಿಜವಾದ ಅಳತೆಗಳನ್ನು ಒಂದೇ ಅನುಪಾತದಲ್ಲಿ ಕುಗ್ಗಿಸಿ ಬರೆಯುವ ಚಿತ್ರ. ಇದರ ಲೆಕ್ಕದಲ್ಲಿ ಮಕ್ಕಳು ಎಡವುವುದು ಗುಣಾಕಾರದಲ್ಲಿ ಅಲ್ಲ. ಅದಕ್ಕೂ ಮೊದಲೇ, ಅನುಪಾತ ಬರೆದುಕೊಳ್ಳುವಾಗಲೇ ಲೆಕ್ಕ ಕೆಟ್ಟಿರುತ್ತದೆ. ಎಷ್ಟು ನೋಟ್‌ಬುಕ್‌ಗಳಲ್ಲಿ ಇದನ್ನೇ ನೋಡಿದ್ದೇನೋ!

4.5 ಮೀಟರ್ ಉದ್ದದ ಕೋಣೆಯನ್ನು 1:50 ಸ್ಕೇಲಿನಲ್ಲಿ ಬರೆಯಬೇಕು ಅಂದುಕೊಳ್ಳಿ. ಅಂದರೆ ಹಾಳೆಯ 1 ಸೆಂ.ಮೀ.ಗೆ ನಿಜದಲ್ಲಿ 50 ಸೆಂ.ಮೀ.

ಮೊದಲು ಮೀಟರನ್ನು ಸೆಂ.ಮೀ. ಮಾಡಿ: 450. ಆಮೇಲೆ ನೋಡೋಣ ಅಂತ ಬಿಡಲೇಬೇಡಿ. 4.5ನ್ನು ಹಾಗೇ 50ರಿಂದ ಭಾಗಿಸಿದರೆ 0.09 ಬರುತ್ತದೆ. ಅದು ಮೀಟರಿನ ಲೆಕ್ಕ ಅನ್ನೋದು ಮರೆತು ಮುಂದೆ ಸೆಂ.ಮೀ. ಅಂತ ಬರೆದರೆ, ಇಡೀ ಕೋಣೆ ಪೆನ್ಸಿಲ್ ಚುಕ್ಕೆಯಷ್ಟಾಗುತ್ತದೆ.

ಈಗ ನಿಜವಾದ ಕಷ್ಟದ ಜಾಗ. ಸಂಖ್ಯೆ ಬರೆಯುವ ಮೊದಲು ಹಾಳೆಯ ಅಂಚಿನಲ್ಲಿ ಮೇಲೆ ‘ಚಿತ್ರ’, ಕೆಳಗೆ ‘ನಿಜ’ ಅಂತ ಅಕ್ಷರದಲ್ಲೇ ಬರೆಯಿರಿ. ಮನಸ್ಸಿನಲ್ಲಿ ಇದೆ ಅಂದರೆ ಸಾಲದು. ನಂತರ ಎರಡೂ ಭಿನ್ನರಾಶಿಗಳನ್ನು ಅದೇ ಸಾಲಿಗೆ ಕೂರಿಸಿ, ಬೇಕಾದ ಉದ್ದಕ್ಕೆ ‘ಉ’ ಅಂತ ಇಟ್ಟುಕೊಳ್ಳಿ: 1/50 = ಉ/450. ಬಲಗಡೆಯದು ಮಾತ್ರ ತಲೆಕೆಳಗಾಗಿ 450/ಉ ಆಯ್ತೋ, ಉತ್ತರ 22,500 ಸೆಂ.ಮೀ. ಅಂದರೆ 225 ಮೀಟರ್ ಉದ್ದದ ಹಾಳೆ ಬೇಕು! ಹೀಗೆ ಬಂದಾಗ ಗುಣಾಕಾರ ತಿದ್ದುತ್ತಾ ಕೂರಬೇಡಿ, ಅಂಚಿನ ಎರಡು ಪದ ನೋಡಿ.

ಅಡ್ಡ ಗುಣಾಕಾರ ಮಾಡಿ. 50ಉ = 450, ಉ = 9 ಸೆಂ.ಮೀ. ಮುಗಿಯಿತು.

1:50ಕ್ಕೆ ಒಂದು ಸುಲಭ ದಾರಿಯೂ ಇದೆ: ಮೀಟರನ್ನು ಎರಡರಷ್ಟು ಮಾಡಿದರೆ ಸೆಂ.ಮೀ. ಸಿಗುತ್ತದೆ. ಉತ್ತರ ಪರೀಕ್ಷಿಸಲು ಇದು ಚೆನ್ನ. ಕಲಿಯುವಾಗ ಇದನ್ನೇ ಹಿಡಿದುಕೊಂಡವರು 1:75 ಬಂದಾಗ ಕೈಚೆಲ್ಲುತ್ತಾರೆ.

ಅಳೆಯಲು ಅಂಕಿ ಸವೆದ ಅಗ್ಗದ ಪ್ಲಾಸ್ಟಿಕ್ ಸ್ಕೇಲ್ ಬೇಡ. 1 ಮಿ.ಮೀ. ತಪ್ಪಿದರೂ ನಿಜದಲ್ಲಿ 5 ಸೆಂ.ಮೀ. ತಪ್ಪುತ್ತದೆ, ಬೀರು ಗೋಡೆಗೆ ಕೂರದಿರಲು ಅಷ್ಟು ಸಾಕಲ್ವಾ? ಪ್ರಿಂಟ್ ತೆಗೆಯುವಾಗ ‘ಪುಟಕ್ಕೆ ಹೊಂದಿಸು’ ಅನ್ನುವುದನ್ನು ಆರಿಸಲೇಬೇಡಿ. ಚಿತ್ರ ಕುಗ್ಗಿದರೂ 1:50 ಅನ್ನುವ ಬರಹ ಹಾಗೇ ಉಳಿದುಬಿಡುತ್ತದೆ.

ವಿಸ್ತೀರ್ಣ ಕೇಳಿದರೆ 50ರಿಂದ ಗುಣಿಸಬೇಡಿ. ಉದ್ದ 50 ಪಟ್ಟು, ಅಗಲವೂ 50 ಪಟ್ಟು, ಹಾಗಾಗಿ ವಿಸ್ತೀರ್ಣ 2,500 ಪಟ್ಟು. ಚಿತ್ರದಲ್ಲಿ ಕೋಣೆ 9 ಸೆಂ.ಮೀ. ಉದ್ದ, 7.2 ಸೆಂ.ಮೀ. ಅಗಲ ಇದ್ದರೆ 64.8 ಚದರ ಸೆಂ.ಮೀ. ಅದನ್ನು 2,500ರಿಂದ ಗುಣಿಸಿ, ಚದರ ಮೀಟರಿಗೆ ತರಲು 10,000ದಿಂದ ಭಾಗಿಸಿ: 16.2 ಚದರ ಮೀಟರ್. 100ರಿಂದ ಭಾಗಿಸಿದವರು ಈ ಸಾಲನ್ನು ಇನ್ನೊಮ್ಮೆ ಓದಿ.