ಮೈಸೂರಿನಲ್ಲಿ ಸೀರೆ ಖರೀದಿ, ಚಿಕ್ಕಮ್ಮನ ಮನೆಯಲ್ಲಿ ಊಟ: ಒಂದೇ ದಿನದಲ್ಲಿ ಹೇಗೆ?

ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಬೆಂಗಳೂರಿನವರು ಆಡುವ ಮಾತು ಇದು: ‘ಮೈಸೂರಿಗೆ ಹೋಗಿ ಸೀರೆ ತರೋಣ, ಹಾಗೇ ಚಿಕ್ಕಮ್ಮನ ಮನೇಲಿ ಊಟ ಮುಗಿಸಿಕೊಂಡು ಬರೋಣ.’ ಎಡವಟ್ಟು ಶುರುವಾಗುವುದು ಆ ‘ಹಾಗೇ’ಯಿಂದ. ನಮ್ಮ ಬಳಗದಲ್ಲೇ ಒಮ್ಮೆ ಹನ್ನೊಂದು ಜನ ಮಧ್ಯಾಹ್ನ ಮೂರೂವರೆಗೆ ಮನೆ ಮುಟ್ಟಿದ್ದೆವು. ಚಿಕ್ಕಮ್ಮ ಹುಳಿಯನ್ನು ಮೂರು ಸಲ ಬಿಸಿ ಮಾಡಿದ್ದರು, ಅಷ್ಟು ಹೊತ್ತೂ ತಾವು ಒಂದು ತುತ್ತು ತಿಂದಿರಲಿಲ್ಲ. ನಾವೋ ಹನ್ನೆರಡಕ್ಕೆ ಮಸಾಲೆ ದೋಸೆ ತಿಂದು ಹೋಗಿದ್ದವರು. ಎಲೆಯ ಮೇಲೆ ಒಬ್ಬಟ್ಟು ಹಾಗೇ ಉಳಿಯಿತು.

ಮೊದಲು ದಿನ ಗೊತ್ತು ಮಾಡಿ. ಭಾನುವಾರ ಬೇಡ. ಅಂದು ಸಂಜೆ ಅರಮನೆಯ ದೀಪಾಲಂಕಾರ ನೋಡಲು ಜನ ಸೇರುವುದರಿಂದ ಊರಿನ ನಡುಭಾಗದಲ್ಲಿ ಕಾರು ತೆವಳುತ್ತದೆ. ಬೆಳಿಗ್ಗೆ ಆರೂವರೆಯೊಳಗೆ ಮನೆ ಬಿಡಿ, ದಾರಿಯಲ್ಲಿ ಒಂದೇ ಕಡೆ ತಿಂಡಿಗೆ ನಿಲ್ಲಿಸಿ.

ಸೀರೆ ಅಂಗಡಿಗೆ ನಾಲ್ಕೇ ಜನ ಸಾಕು: ಮದುಮಗಳು, ಅವಳ ತಾಯಿ, ಬಣ್ಣ ಬಲ್ಲ ಒಬ್ಬರು, ದುಡ್ಡು ಕೊಡುವವರು. ಮಕ್ಕಳನ್ನೂ ಹಿರಿಯರನ್ನೂ ನೇರವಾಗಿ ಚಿಕ್ಕಮ್ಮನ ಮನೆಗೆ ಕಳುಹಿಸಿ. ಅವರಿಗೆ ಮಾತಾಡಲು ಹೊತ್ತು ಸಿಗುತ್ತದೆ, ನಿಮಗೆ ಆರಿಸಲು ನೆಮ್ಮದಿ ಸಿಗುತ್ತದೆ.

ಅಸಲಿ ಮೈಸೂರು ಸಿಲ್ಕ್ ಬೇಕಿದ್ದರೆ ಮಾನಂದವಾಡಿ ರಸ್ತೆಯಲ್ಲಿರುವ, ರಾಜ್ಯ ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್‌ಐಸಿ ಕಾರ್ಖಾನೆಯ ಮಳಿಗೆಗೇ ಹೋಗಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ, ಶುರುವಾದ ಕಾರ್ಖಾನೆ ಅದು. ಬೇಡಿಕೆಗೆ ತಕ್ಕಷ್ಟು ಸೀರೆ ಬರುವುದಿಲ್ಲ, ಆದ್ದರಿಂದ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಇಲ್ಲಿನ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಪ್ರತಿ ಸೀರೆಯ ಮೇಲೂ ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ನೋಡಿಯೇ ಬಿಲ್ ಹಾಕಿಸಿ. ‘ಸೆಮಿ ಮೈಸೂರು ಸಿಲ್ಕ್’ ಎಂಬ ಹೆಸರಿನಲ್ಲಿ ಬೇರೆಡೆ ಮಾರುವುದನ್ನು ಮದುವೆಗೆ ಕೊಳ್ಳಲೇಬೇಡಿ. ಸೆರಗಿನ ತುದಿಯ ಎಳೆ ಸುಟ್ಟು ನೋಡಿದರೆ ತಿಳಿಯುತ್ತದೆ: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಕೃತಕ ನೂಲಾದರೆ ಕರಗಿ ಗಂಟು ಕಟ್ಟುತ್ತದೆ. ‘ಸರ್ಕಾರಿ ಎಂಪೋರಿಯಂಗೆ ಕರ್ಕೊಂಡು ಹೋಗ್ತೀನಿ’ ಎನ್ನುವ ಆಟೊ ಹತ್ತಬೇಡಿ. ಆ ಅಂಗಡಿ ಕೊಡುವ ಕಮಿಷನ್ ನಿಮ್ಮ ಸೀರೆಯ ಬೆಲೆಗೇ ಸೇರುತ್ತದೆ.

ಈಗ ಊಟದ ವಿಚಾರ. ಎಲ್ಲರೂ ಸುಲಭ ಅಂದುಕೊಳ್ಳುವುದು ಇದನ್ನೇ, ಕೆಡಿಸುವುದೂ ಇದನ್ನೇ.

ಚಿಕ್ಕಮ್ಮನಿಗೆ ನಾಲ್ಕು ದಿನ ಮೊದಲೇ ಫೋನ್ ಮಾಡಿ. ‘ಒಂದಷ್ಟು ಜನ ಬರ್ತೀವಿ’ ಅನ್ನಬೇಡಿ. ‘ದೊಡ್ಡವರು ಏಳು, ಮಕ್ಕಳು ಎರಡು, ಅಪ್ಪನಿಗೆ ಸಕ್ಕರೆ ಕಾಯಿಲೆ, ಅತ್ತೆ ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ’ ಎಂದು ಬಿಡಿಸಿ ಹೇಳಿ. ‘ನೀವೇನೂ ಮಾಡ್ಬೇಡಿ ಚಿಕ್ಕಮ್ಮ, ಅನ್ನ ಸಾರು ಸಾಕು’ ಎಂಬ ಮಾತನ್ನು ಯಾವ ಚಿಕ್ಕಮ್ಮನೂ ಕೇಳುವುದಿಲ್ಲ. ಅದರ ಬದಲು ‘ಕೋಸಂಬರಿ, ಒಂದು ಪಲ್ಯ, ಹುಳಿ, ನಿಮ್ಮ ಕೈಯ ಪಾಯಸ’ ಎಂದು ನೀವೇ ಹೇಳಿಬಿಟ್ಟರೆ ಅವರಿಗೆ ಒಬ್ಬಟ್ಟು ತಟ್ಟುವ ಕೆಲಸವಾದರೂ ತಪ್ಪುತ್ತದೆ.

ಒಂದೂವರೆಗೆ ಊಟ ಎಂದರೆ ಹನ್ನೆರಡೂವರೆಗೇ ಅಂಗಡಿ ಬಿಡಬೇಕು. ರವಿಕೆಗೆ ಹೊಂದುವ ಬಣ್ಣ ಸಿಗಲಿಲ್ಲವೇ? ಬಿಡಿ, ಬೆಂಗಳೂರಿನಲ್ಲಿ ಸಿಗುತ್ತದೆ. ಹೊರಟ ಕೂಡಲೇ ‘ಹೊರಟ್ವಿ’ ಎಂದು ಒಂದು ಫೋನ್ ಮಾಡಿ, ಅಕ್ಕಿಗೆ ನೀರಿಡುವುದು ಆ ಫೋನ್ ಬಂದ ಮೇಲೆ. ಹೊರಡದೆ ‘ಹೊರಟ್ವಿ’ ಅನ್ನುವ ಅಭ್ಯಾಸವಿದ್ದರೆ ಅಂದೊಂದು ದಿನ ಬಿಟ್ಟುಬಿಡಿ. ಹತ್ತು ಗಂಟೆಯ ಮೇಲೆ ಕಾಫಿ ಬಿಟ್ಟು ಬೇರೇನೂ ತಿನ್ನಬೇಡಿ.

ಸ್ವೀಟ್ ಡಬ್ಬಿ ಒಯ್ಯಬೇಡಿ, ಅದು ಫ್ರಿಜ್ಜಿನಲ್ಲಿ ಕೂರುತ್ತದೆ. ಹಣ್ಣು, ಹೂವು, ಬಾಳೆಲೆ ಒಯ್ಯಿರಿ. ಎಲೆ ನಿಮ್ಮದಾದರೆ ಅವರಿಗೆ ಪಾತ್ರೆ ತೊಳೆಯುವ ಕೆಲಸ ಕಡಿಮೆ. ಎರಡು ಪಂಕ್ತಿಯಾಗುವುದಿದ್ದರೆ ನಿಮ್ಮವರೊಬ್ಬರು ಬಡಿಸಲು ನಿಲ್ಲಲಿ, ಎರಡನೆಯ ಪಂಕ್ತಿಯಲ್ಲಿ ಚಿಕ್ಕಮ್ಮನನ್ನು ಕೂರಿಸಿಯೇ ಕೂರಿಸಬೇಕು. ಕೈ ತೊಳೆದ ತಕ್ಷಣ ‘ಬರ್ತೀವಿ’ ಅನ್ನಬೇಡಿ, ಕೊಂಡ ಸೀರೆಗಳನ್ನು ಬಿಚ್ಚಿ ತೋರಿಸಿ. ಯಾವುದಕ್ಕೆ ಎಷ್ಟು ಕೊಟ್ಟಿರಿ ಎಂದು ಅವರು ಕೇಳಿಯೇ ಕೇಳುತ್ತಾರೆ, ಸರಿಯಾದ ಬೆಲೆಯನ್ನೇ ಹೇಳಿ. ಅರಿಶಿನ ಕುಂಕುಮ, ತಾಂಬೂಲ ಕೊಟ್ಟಾಗ ಅದನ್ನು ಅಲ್ಲೇ ಮರೆತು ಬರಬೇಡಿ. ನಾಲ್ಕಕ್ಕೆ ಏಳಿ.

ದೇವರಾಜ ಮಾರುಕಟ್ಟೆ ಕೊನೆಗಿರಲಿ. ಬೆಳಿಗ್ಗೆಯೇ ಕೊಂಡ ಮಲ್ಲಿಗೆ ಕಾರಿನ ಬಿಸಿಗೆ ಸಂಜೆಯೊಳಗೆ ಬಾಡುತ್ತದೆ. ಹೂವನ್ನು ಬಾಳೆಲೆಯಲ್ಲೇ ಕಟ್ಟಿಸಿಕೊಳ್ಳಿ. ವೀಳ್ಯದೆಲೆ, ಅರಿಶಿನ ಕುಂಕುಮ ಇಲ್ಲಿ ಚೆನ್ನ. ನಂಜನಗೂಡು ರಸಬಾಳೆ ಕಂಡರೆ ಬಿಡಬೇಡಿ, ಸಿಗುವುದೇ ಅಪರೂಪ. ಮೈಸೂರು ಪಾಕಿಗೆ ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್ ಅಲ್ಲೇ ಪಕ್ಕದಲ್ಲಿದೆ. ‘ಶುದ್ಧ ಗಂಧದೆಣ್ಣೆ’ ಎಂದು ಸಣ್ಣ ಸೀಸೆ ಹಿಡಿದು ಹಿಂದೆ ಬರುವವರ ಬಳಿ ನಿಲ್ಲಬೇಡಿ.

ಮನೆ ಮುಟ್ಟಿದ ರಾತ್ರಿಯೇ ಸೀರೆಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಕವರಿನೊಳಗೇ ಬಿಟ್ಟರೆ ತೇವ ಕಟ್ಟಿಕೊಂಡು ಜರಿ ಕಪ್ಪಾಗುತ್ತದೆ.