ಮಾದರಿಯ ಕೂದಲು ಬೇರೆ, ಬಂದ ಕೂದಲು ಬೇರೆ

ತುಮಕೂರಿನಲ್ಲಿ 11 ವರ್ಷಗಳಿಂದ ಪಾರ್ಲರ್ ನಡೆಸುತ್ತಿರುವ ನನಗೆ ಮದುವೆಯ ಜಡೆಗೆ ಚೌರಿ ಕಟ್ಟುವುದು ಹೊಸದಲ್ಲ. ಆದರೆ ಹೆಣೆದ ಜಡೆಯ ಸಾಲಿಗೆ ಹೊಲಿದು ವಾರಗಟ್ಟಲೆ ತಲೆಯ ಮೇಲೆಯೇ ಉಳಿಸುವ ಹೇರ್ ಎಕ್ಸ್‌ಟೆನ್ಷನ್ ಕೆಲಸವನ್ನು ಆರಂಭಿಸಿದ್ದು ಕಳೆದ ವರ್ಷ.

ಹೊರ ಊರಿನ ಸಗಟು ವ್ಯಾಪಾರಿಯೊಬ್ಬರು ಕಳುಹಿಸಿದ ಮಾದರಿ ಕಟ್ಟನ್ನು ನಾನೇ ಒಂದು ತಿಂಗಳು ಹಾಕಿಕೊಂಡು, ತೊಳೆದು, ಬಾಚಿ ನೋಡಿದ ಮೇಲೆ, 20 ಇಂಚು ಉದ್ದದ, ತಲಾ 100 ಗ್ರಾಂ ತೂಕದ 12 ಕಟ್ಟುಗಳಿಗೆ ಪೂರ್ತಿ ಹಣವನ್ನು ಮುಂಗಡವಾಗಿಯೇ ಕೊಟ್ಟೆ. ಬಂದ ಸರಕು ಮಾದರಿಗಿಂತಲೂ ಹೆಚ್ಚು ಹೊಳೆಯುತ್ತಿತ್ತು. ಆ ಹೊಳಪನ್ನೇ ಅನುಮಾನಿಸಬೇಕಿತ್ತು.

ಮೊದಲು ಹಾಕಿಸಿಕೊಂಡವಳು ಕ್ಯಾತ್ಸಂದ್ರದ ಮದುಮಗಳು. ಮೂರನೆಯ ವಾರ ಅವಳ ತಾಯಿ ಮಗಳನ್ನು ಕರೆತಂದು, ‘ಅಕ್ಕಾ, ಬಾಚಣಿಗೆ ಇಳಿಯುತ್ತಲೇ ಇಲ್ಲ, ನೋವಿಗೆ ರಾತ್ರಿ ನಿದ್ದೆಯೂ ಮಾಡಿಲ್ಲ’ ಎಂದರು. ಕತ್ತಿನ ಬಳಿ ಕೂದಲು ತೆಂಗಿನ ನಾರಿನಂತೆ ಗಂಟುಗಟ್ಟಿ, ಅವಳ ಸ್ವಂತ ಕೂದಲನ್ನೂ ಒಳಗೆಳೆದುಕೊಂಡಿತ್ತು. ಕತ್ತರಿ ಹಾಕದೆ, ಕೊಬ್ಬರಿ ಎಣ್ಣೆ ಹಚ್ಚಿ ಎಳೆ ಎಳೆಯಾಗಿ ಬಿಡಿಸಲು ಎರಡೂವರೆ ಗಂಟೆ ಹಿಡಿಯಿತು. ಅವಳು ಒಂದು ಮಾತೂ ಆಡದೆ ಕುಳಿತಿದ್ದುದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಅದೇ ಸರಕನ್ನು ಹಾಕಿಸಿಕೊಂಡಿದ್ದ ಇನ್ನೂ ನಾಲ್ವರನ್ನು ನಾನೇ ಫೋನ್ ಮಾಡಿ ಕರೆಸಿ, ತೆಗೆದು, ಹಣ ಹಿಂದಿರುಗಿಸಿದೆ.

ವ್ಯಾಪಾರಿಗೆ ಫೋನ್ ಮಾಡಿದರೆ, ‘ಮೇಡಂ, ನಿಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಅದಕ್ಕೇ ಹೀಗಾಗಿದೆ’ ಎಂಬ ಉತ್ತರ ಬಂತು. ನಮ್ಮ ನೀರು ಗಡಸೆಂಬುದು ನಿಜವಾದ್ದರಿಂದ ಆ ಮಾತನ್ನು ತಳ್ಳಿಹಾಕಲಾಗಲಿಲ್ಲ. ಆದ್ದರಿಂದ ತೆರೆಯದ ಒಂದು ಕಟ್ಟಿನಿಂದಲೂ ಉಳಿದಿದ್ದ ಮಾದರಿಯಿಂದಲೂ ಎರಡೆರಡು ತುಂಡು ತೆಗೆದು, ಬೋರ್ ನೀರಿನಲ್ಲಿ ಒಂದನ್ನು, ಶುದ್ಧೀಕರಿಸಿದ ಕ್ಯಾನ್ ನೀರಿನಲ್ಲಿ ಒಂದನ್ನು ಐದು ಸಲ ಶಾಂಪೂ ಹಾಕಿ ತೊಳೆದೆ. ಬೋರ್ ನೀರು ತಾಗಿದ ಮಾದರಿ ತುಸು ಒರಟಾಯಿತಷ್ಟೆ. ಹೊಸ ಸರಕು ಎರಡೂ ನೀರಿನಲ್ಲಿ ಗಂಟಾಯಿತು.

ಕಾರಣವಿಷ್ಟು: ಕೂದಲಿನ ಮೇಲ್ಪದರದಲ್ಲಿ ಮೀನಿನ ಹುರುಪೆಯಂತಹ ಪದರಗಳು ಬುಡದಿಂದ ತುದಿಯ ಕಡೆಗೆ ಒರಗಿರುತ್ತವೆ. ತಲೆಯಿಂದ ಒಟ್ಟಿಗೆ ಕತ್ತರಿಸಿ ಬುಡವನ್ನೆಲ್ಲ ಒಂದೇ ಕಡೆ ಇಟ್ಟು ಕಟ್ಟಿದ್ದನ್ನು ರೆಮಿ ಎನ್ನುತ್ತಾರೆ. ಬಾಚುವಾಗ ಉದುರಿ, ಮನೆಮನೆಯಿಂದ ಸಂಗ್ರಹವಾಗುವ ಕೂದಲಿನಲ್ಲಿ ಬುಡ ತುದಿಗಳು ಬೆರೆತಿರುವುದರಿಂದ ಒಂದರ ಹುರುಪೆ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಅದನ್ನು ಆಮ್ಲದಲ್ಲಿ ಅದ್ದಿ ಹುರುಪೆ ಸವೆಸಿ, ಸಿಲಿಕೋನ್ ಲೇಪಿಸಿದರೆ ರೇಷ್ಮೆಯಂತೆ ಕಾಣುತ್ತದೆ. ಕೆಲವು ತೊಳೆತಗಳಲ್ಲಿ ಲೇಪ ಹೋದ ಮೇಲೆ ಗಂಟುಗಟ್ಟಿ ನಿಜರೂಪ ಬಯಲಾಗುತ್ತದೆ. ನನಗೆ ರೆಮಿಯೆಂದು ಮಾರಿದ್ದು ಹೀಗೆಯೇ ವರ್ತಿಸಿತು. ಸುಟ್ಟು ನೋಡುವ ಪರೀಕ್ಷೆ ಇಲ್ಲಿ ನೆರವಾಗಲಿಲ್ಲ. ಪ್ಲಾಸ್ಟಿಕ್ ಕೂದಲಾದರೆ ಕರಗಿ ಮುದ್ದೆಯಾಗುತ್ತಿತ್ತು, ಇದು ಮನುಷ್ಯರ ಕೂದಲೇ ಆದ್ದರಿಂದ ಬೂದಿಯಾಯಿತು.

ವ್ಯಾಪಾರಿ ಕೊಟ್ಟಿದ್ದು ಜಿಎಸ್‌ಟಿ ಬಿಲ್ಲಲ್ಲ, ಬರಿಯ ಎಸ್ಟಿಮೇಟ್ ಚೀಟಿ. ಅದರಲ್ಲಿ ರೆಮಿ ಎಂಬ ಪದವೂ ಇರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರುಮಾರಾಟಕ್ಕೆ ಕೊಂಡವರು ಗ್ರಾಹಕರೆನಿಸುವುದಿಲ್ಲವಾದ್ದರಿಂದ ಆ ಕಾಯ್ದೆಯಡಿ ದೂರು ಕೊಡುವ ದಾರಿ ಸುಲಭವಲ್ಲವೆಂದು ವಕೀಲರು ತಿಳಿಸಿದರು. ಮೂರು ತಿಂಗಳು ಬೆನ್ನು ಬಿಡದೆ ಕೇಳಿದ ಮೇಲೆ ಕಾಲು ಭಾಗ ಹಣ ಬಂತು.

ಈಗ ಬೇರೊಬ್ಬರಿಂದ, ವಿವರವನ್ನೆಲ್ಲ ಬಿಲ್ಲಿನಲ್ಲಿ ಬರೆಸಿಕೊಂಡು, ಒಂದು ಸಲಕ್ಕೆ ಎರಡೇ ಕಟ್ಟು ತರಿಸುತ್ತೇನೆ. ಪ್ರತಿ ಕಟ್ಟಿನಿಂದಲೂ ಕೆಲವು ಎಳೆಗಳನ್ನು ಒಂದೊಂದಾಗಿ ಹೆಬ್ಬೆರಳು ತೋರುಬೆರಳ ನಡುವೆ ಉದ್ದಕ್ಕೆ ಉಜ್ಜುತ್ತೇನೆ. ಹುರುಪೆಯಿರುವ ಕೂದಲು ತಾನಾಗಿ ಬುಡದ ದಿಕ್ಕಿಗೆ ಸರಿಯುತ್ತದೆ, ಸವೆಸಿದ್ದು ಅಲ್ಲೇ ನಿಲ್ಲುತ್ತದೆ. ಆಮೇಲೆ ಒಂದು ತುಂಡನ್ನು ಐದು ಸಲ ತೊಳೆದು ಒಣಗಿಸಿಯೇ ಯಾರ ತಲೆಗಾದರೂ ಹಾಕುವುದು. ಉಳಿದ ಹಳೆಯ ಕಟ್ಟುಗಳನ್ನು ಅರ್ಧ ಬೆಲೆಗೆ ಕೇಳಿದವರಿದ್ದರೂ ಮಾರಲು ಮನಸ್ಸೊಪ್ಪಲಿಲ್ಲ. ನನ್ನಲ್ಲಿ ಕೆಲಸ ಕಲಿಯುವ ಹುಡುಗಿಯರು ಅವುಗಳ ಮೇಲೆ ಹೊಲಿಗೆ ಅಭ್ಯಾಸ ಮಾಡುತ್ತಿದ್ದಾರೆ.