ಶನಿವಾರ ಸಂಜೆಯ ಗಂಡಸರ ಬೈಬಲ್ ಕೂಟ: ನಾವು ನಡೆಸುವ ರೀತಿ

ನಮ್ಮ ಸಭೆಯ, ಅಂದರೆ ಚರ್ಚಿನ, ಹೆಂಗಸರ ಕೂಟ ನಾನು ಹುಡುಗನಾಗಿದ್ದಾಗಿನಿಂದ ವಾರ ತಪ್ಪದೆ ನಡೆದುಕೊಂಡು ಬಂದಿದೆ. ಗಂಡಸರ ಕಥೆ ಬೇರೆ. ಮೆನ್ಸ್ ಫೆಲೋಶಿಪ್ ಅಂತ ಹೆಸರು ಉಂಟು, ಲೆಟರ್‌ಹೆಡ್ ಉಂಟು, ಖಜಾಂಚಿ ಕೂಡ ಉಂಟು. ಬೆಳೆ ಹಬ್ಬಕ್ಕೆ ಶಾಮಿಯಾನ ಹಾಕಲು, ಏಲಂ ಕೂಗಲು, ಕ್ರಿಸ್ಮಸ್‌ಗೆ ನಕ್ಷತ್ರ ಕಟ್ಟಲು ಎಲ್ಲರೂ ಹಾಜರು. ಕೂತು ಬೈಬಲ್ ಓದೋಣ ಅಂದರೆ ಮಾತ್ರ ಒಬ್ಬರಿಗೆ ಮದುವೆ, ಇನ್ನೊಬ್ಬರಿಗೆ ಸೊಂಟ ನೋವು.

ನಾನು ಮಂಗಳೂರಿನವನು, ವೈರಿಂಗ್ ಕಂಟ್ರಾಕ್ಟ್ ಮಾಡುವವನು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು. ಈಗ ಕೆಲವು ವರ್ಷಗಳಿಂದ ನನ್ನ ಗೋಡೌನ್‌ನಲ್ಲಿ ಶನಿವಾರ ಸಂಜೆ ನಾವೊಂದಿಷ್ಟು ಗಂಡಸರು ಸೇರಿ ಬೈಬಲ್ ಓದುತ್ತೇವೆ. ಬೇರೆ ಊರಿನ ಕೆಲವರು ಹೇಗೆ ನಡೆಸುತ್ತೀರಿ ಅಂತ ಕೇಳುತ್ತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗಂಡಸರಿಗೆ ಭಕ್ತಿ ಕಡಿಮೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬೈಬಲ್ ಅಂದರೆ ಮೇಲೆ ನಿಂತವರು ಹೇಳುವುದು, ಕೆಳಗೆ ಕೂತವರು ಕೇಳುವುದು ಅಂತ ಅಭ್ಯಾಸ ಆಗಿಬಿಟ್ಟಿದೆ, ಅಷ್ಟೇ. ವಾರವಿಡೀ ಯಾರದೋ ಮಾತು ಕೇಳಿ ಬಂದವನಿಗೆ ಶನಿವಾರವೂ ಇನ್ನೊಬ್ಬರ ಮಾತು ಕೇಳಲು ಮನಸ್ಸಾಗುವುದಿಲ್ಲ. ಅದೇ ಮನುಷ್ಯನನ್ನು ಅವನ ಕೆಲಸದ ಬಗ್ಗೆ ಕೇಳಿ ನೋಡಿ, ಅರ್ಧ ಗಂಟೆ ನಿಲ್ಲಿಸುವುದಿಲ್ಲ. ಹಾಗಾದರೆ ಕೆಲಸದ ಕಡೆಯಿಂದಲೇ ವಾಕ್ಯಕ್ಕೆ ಬಂದರೆ ಆಯಿತಲ್ವಾ?

ನಮ್ಮವರಿಗೆ ಇದು ಹೊಸತೇನೂ ಅಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದ ಎಷ್ಟೋ ಮನೆಯವರಿಗೆ ಮೊದಲು ಎದ್ದ ಪ್ರಶ್ನೆ ಹೊಟ್ಟೆಯದ್ದು. ಮನೆ, ಜಾತಿ, ಗೇಣಿಯ ಗದ್ದೆ ಎಲ್ಲ ಬಿಟ್ಟು ಬಂದವರು. ಶೇಂದಿ ತೆಗೆಯುತ್ತಿದ್ದವರಿಗೆ ಆ ಕಸುಬೂ ಹೋಯಿತು. ನೇಯ್ಗೆ ಕಾರ್ಖಾನೆ, ಆಮೇಲೆ 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಬಂದದ್ದೇ ಇವರಿಗೆ ಕೆಲಸ ಬೇಕು ಅಂತ. ನನ್ನ ಅಜ್ಜ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡಿದವರು. ಬೆಳಗ್ಗೆ ಪ್ರಾರ್ಥನೆ ಮಾಡಿದ ಮೇಲೇ ಅವರು ಕೆಲಸಕ್ಕೆ ಕೈ ಹಾಕುತ್ತಿದ್ದದ್ದು. ನಂಬಿಕೆಗೆ ಒಂದು ಕೋಣೆ, ದುಡಿಮೆಗೆ ಇನ್ನೊಂದು ಕೋಣೆ ಅಂತ ಮಾಡಿಕೊಂಡವರು ನಾವು, ಅಜ್ಜಂದಿರಲ್ಲ.

ಇನ್ನು ನಡೆಸುವ ಕ್ರಮ. ಶನಿವಾರ ಯಾಕೆ ಅಂದರೆ ಅದು ಬಟವಾಡೆಯ ದಿನ. ಕೂಲಿಯವರ ಜೇಬಿನಲ್ಲಿ ದುಡ್ಡು ಇರುತ್ತದೆ, ಮನೆಗೆ ಹೋಗುವ ದಾರಿಯಲ್ಲಿ ಬಾರ್ ಇರುತ್ತದೆ. ಏಳೂವರೆಗೆ ಕೂಟ ಇಟ್ಟರೆ ನೇರ ಇಲ್ಲಿಗೆ ಬರುತ್ತಾರೆ, ಚಹಾ ಕುಡಿಯುತ್ತಾರೆ, ಒಂಬತ್ತಕ್ಕೆ ಮನೆಗೆ ಹೋಗುತ್ತಾರೆ. ಈ ಸಲಹೆ ಕೊಟ್ಟದ್ದು ಒಬ್ಬರ ಹೆಂಡತಿ. ಗೋಳಿಬಜೆ ಕಳಿಸುವುದೂ ಅವರೇ.

ಗೋಡೌನ್ ಯಾಕೆ ಅಂದರೆ ಅಲ್ಲಿ ಯಾರೂ ಸ್ನಾನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬರಬೇಕಾಗಿಲ್ಲ. ಪಿವಿಸಿ ಪೈಪು, ವಯರ್ ಬಂಡಲ್‌ಗಳ ನಡುವೆ ಪ್ಲಾಸ್ಟಿಕ್ ಕುರ್ಚಿ. ಸಭಾಪಾಲಕರು, ಅಂದರೆ ನಮ್ಮ ಪಾದ್ರಿಗಳು, ಬರುತ್ತಾರೆ, ಆದರೆ ಎಲ್ಲರ ಹಾಗೆ ಒಬ್ಬರಾಗಿ. ಕೇಳಿದರೆ ಮಾತ್ರ ವಿವರಿಸುತ್ತಾರೆ. ಅದಕ್ಕೆ ಅವರು ಸಂತೋಷವಾಗಿ ಒಪ್ಪಿದರು, ನಿಜ ಹೇಳಬೇಕೆಂದರೆ ನನಗಿಂತ ಅವರಿಗೇ ಅದು ಜಾಸ್ತಿ ಬೇಕಿತ್ತು ಅಂತ ಕಾಣುತ್ತದೆ. ಪ್ರಸಂಗ, ಅಂದರೆ ಉಪದೇಶ, ಮಾಡುವ ಆಸೆ ಇರುವುದು ಬೇರೆಯವರಿಗೆ. ಪ್ರತಿ ಸಭೆಯಲ್ಲೂ ಅಂಥವರು ಒಬ್ಬರಾದರೂ ಇರುತ್ತಾರೆ. ಎದ್ದು ನಿಂತರು ಅಂದರೆ ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದಿಂದ ಹೊರಟು ಕೊನೆಯ ಪುಸ್ತಕ ಪ್ರಕಟನೆಗೆ ಮುಟ್ಟಿಯೇ ಕೂರುವುದು. ನಮ್ಮಲ್ಲಿ ಅದಕ್ಕೊಂದೇ ನಿಯಮ: ಯಾರೂ ಎದ್ದು ನಿಲ್ಲುವ ಹಾಗಿಲ್ಲ. ಕೂತುಕೊಂಡು ಪ್ರಸಂಗ ಮಾಡುವುದು ಬಹಳ ಕಷ್ಟ, ಬೇಕಾದರೆ ಪ್ರಯತ್ನಿಸಿ ನೋಡಿ.

ಓದುವುದು ಸ್ವಲ್ಪವೇ. ಹತ್ತು ಹದಿನೈದು ವಚನ. ಒಬ್ಬರು ಓದಿದ ಮೇಲೆ ಅದನ್ನೇ ಇನ್ನೊಬ್ಬರು ಓದುತ್ತಾರೆ. ಎರಡನೇ ಸಲ ಕೇಳುವಾಗಲೇ ಗಂಡಸರ ಕಿವಿ ತೆರೆಯುವುದು. ಆಮೇಲೆ ಒಂದೇ ಪ್ರಶ್ನೆ: ಈ ವಾರ ಕೆಲಸದಲ್ಲಿ ಇದು ನಿಮಗೆ ಎಲ್ಲಿ ಸಿಕ್ಕಿತು? ಓದು ಕನ್ನಡದಲ್ಲಿ, ಮಾತು ಹೆಚ್ಚಾಗಿ ತುಳುವಿನಲ್ಲಿ. ರೋಮಾಪುರದವರಿಗೆ ಬರೆದ ಪತ್ರಿಕೆಯಿಂದ (ಬೈಬಲ್‌ನಲ್ಲಿ ಪತ್ರಿಕೆ ಅಂದರೆ ಪತ್ರ) ಶುರು ಮಾಡಬೇಕು ಅಂತ ಒಂದಿಬ್ಬರಿಗೆ ಆಸೆಯಿತ್ತು. ನಾನು ಒಪ್ಪಲಿಲ್ಲ. ಯಾಕೋಬನ ಪತ್ರಿಕೆ ತೆಗೆದುಕೊಂಡೆವು. ಐದೇ ಅಧ್ಯಾಯ, 108 ವಚನ. ಅದರಲ್ಲಿ ಶ್ರೀಮಂತನಿಗೆ ಮುಂದಿನ ಕುರ್ಚಿ ಕೊಡುವುದು, ನಾಲಿಗೆ ಹಿಡಿತ ತಪ್ಪುವುದು, ನಾಳೆ ಆ ಊರಿಗೆ ಹೋಗಿ ವ್ಯಾಪಾರ ಮಾಡುತ್ತೇನೆ ಅಂತ ಲೆಕ್ಕ ಹಾಕುವುದು, ಎಲ್ಲ ನಮ್ಮ ಬೀದಿಯದ್ದೇ ವಿಷಯ.

ಐದನೇ ಅಧ್ಯಾಯದ ದಿನ ನಡೆದದ್ದನ್ನು ಹೇಳುತ್ತೇನೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ ನಾಲ್ಕನೇ ವಚನ. ಅವತ್ತು ನಮ್ಮ ನಡುವೆ ಪೈಂಟಿಂಗ್ ಕಂಟ್ರಾಕ್ಟರ್ ಒಬ್ಬರಿದ್ದರು. ದಿನಗೂಲಿಗೆ ಪೈಂಟ್ ಮಾಡುವ ಹುಡುಗನೂ ಇದ್ದ. ಅವರ ಹತ್ತಿರ ಕೆಲಸ ಮಾಡುವವನಲ್ಲ, ಬೇರೆ ಕಡೆಯವನು. ಓದಿದ ಮೇಲೆ ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಕಂಟ್ರಾಕ್ಟರೇ ಶುರು ಮಾಡಿದರು.

"ಓದ್ಲಿಕ್ಕೆ ಸುಲಭ ಮಾರಾಯ್ರೆ. ಪಾರ್ಟಿ ನನಗೆ ಬಿಲ್ಲು ಪಾಸ್ ಮಾಡದೆ ನಾನು ಎಲ್ಲಿಂದ ಕೊಡುವುದು?"

ಹುಡುಗ ನೆಲ ನೋಡಿಕೊಂಡೇ ಹೇಳಿದ: "ಅಣ್ಣಾ, ಅಂಗಡಿಯವರು ನನ್ನತ್ರ ಪಾರ್ಟಿ ಕೊಟ್ಟಿದ್ದಾರಾ ಅಂತ ಕೇಳುವುದಿಲ್ಲ."

ಕಂಟ್ರಾಕ್ಟರ್ ಮುಖ ಕೆಂಪಗಾಯಿತು. ಎದ್ದು ಹೋಗುತ್ತಾರೆ ಅಂತಲೇ ನಾನು ಅಂದುಕೊಂಡೆ. ಅಷ್ಟರಲ್ಲಿ ಸಭಾಪಾಲಕರು ಯಾಜಕಕಾಂಡ 19:13 ತೆಗೆದು ಸುಮ್ನೆ ಓದಿದರು: ಕೂಲಿಯವನ ಕೂಲಿಯನ್ನು ಬೆಳಗಿನ ತನಕ ನಿನ್ನ ಹತ್ತಿರ ಇಟ್ಟುಕೊಳ್ಳಬಾರದು ಅಂತ ಅಲ್ಲಿರುವುದು. ಧರ್ಮೋಪದೇಶಕಾಂಡ 24ರಲ್ಲಿ ಇನ್ನೂ ಬಿಗಿ, ಹೊತ್ತು ಮುಳುಗುವುದರೊಳಗೆ ಕೊಡಬೇಕು, ಯಾಕೆಂದರೆ ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ. ಅಲ್ಲೇ ಇದ್ದ ಒಬ್ಬರ ಭಾವ ಕಥೋಲಿಕರು, ಕೆಲವೊಮ್ಮೆ ಜೊತೆಗೆ ಬರುತ್ತಾರೆ. ಅವರ ಕೊಂಕಣಿ ಬೈಬಲ್‌ನಲ್ಲಿ ನಮ್ಮದರಲ್ಲಿ ಇಲ್ಲದ ತೊಬಿತ್ ಅನ್ನುವ ಪುಸ್ತಕ ಇದೆ. ಅದರ ನಾಲ್ಕನೇ ಅಧ್ಯಾಯದಲ್ಲಿ ತಂದೆ ಮಗನಿಗೆ ಬುದ್ಧಿ ಹೇಳುವಾಗಲೂ ಇದೇ ಮಾತು, ಕೂಲಿಯನ್ನು ಮರುದಿನಕ್ಕೆ ಇಡಬೇಡ. ಹೀಗೆ ಎಲ್ಲ ಕಡೆಯಿಂದಲೂ ಅದೇ ಬಂತು. ಕಂಟ್ರಾಕ್ಟರ್ ಕೊನೆಗೆ ನಕ್ಕುಬಿಟ್ಟರು, "ಇವತ್ತು ಎಲ್ಲರೂ ಒಟ್ಟು ಸೇರಿ ಬಂದಿದ್ದೀರಾ ಹೇಗೆ?"

ಆಮೇಲೆ ಮಾತು ಲೆಕ್ಕಕ್ಕೆ ತಿರುಗಿತು. ಕೆಲಸ ಹಿಡಿಯುವಾಗಲೇ ಮುಂಗಡ ಎಷ್ಟು ಕೇಳಬೇಕು, ಆ ಮುಂಗಡದಲ್ಲಿ ಕೂಲಿಯ ಪಾಲನ್ನು ಮೊದಲು ತೆಗೆದಿಟ್ಟು ಉಳಿದದ್ದರಲ್ಲಿ ಪೈಂಟ್ ತರಬೇಕಾ, ಅಥವಾ ಪೈಂಟನ್ನು ಪಾರ್ಟಿಯಿಂದಲೇ ತರಿಸಬೇಕಾ, ಇದನ್ನೆಲ್ಲ ನಾವು ಬೈಬಲ್ ತೊಡೆಯ ಮೇಲೆ ಇಟ್ಟುಕೊಂಡೇ ಮಾತಾಡಿದೆವು. ಹೊರಗಿನಿಂದ ನೋಡಿದವರಿಗೆ ಇದು ಬೈಬಲ್ ಅಧ್ಯಯನ ಅಂತ ಅನಿಸಲಿಕ್ಕಿಲ್ಲ. ನನಗೆ ಮಾತ್ರ ಅವತ್ತಿನಷ್ಟು ಹತ್ತಿರದಿಂದ ಯಾಕೋಬನನ್ನು ಬೇರೆ ಯಾವತ್ತೂ ಓದಿದ ನೆನಪಿಲ್ಲ. ಕಂಟ್ರಾಕ್ಟರ್ ಈಗಲೂ ಬರುತ್ತಾರೆ. ಬಟವಾಡೆ ಮುಗಿಸಿ ಬರುವುದರಿಂದ ಸ್ವಲ್ಪ ತಡ ಆಗುತ್ತದೆ, ಯಾರೂ ಏನೂ ಹೇಳುವುದಿಲ್ಲ.

ಲೂಕ ಮೂರನೇ ಅಧ್ಯಾಯವೂ ಗಂಡಸರಿಗೆ ಬಹಳ ಒಳ್ಳೆಯದು. ಸ್ನಾನಿಕನಾದ ಯೋಹಾನನ ಹತ್ತಿರ ಸುಂಕದವರು ಬಂದು ನಾವೇನು ಮಾಡಬೇಕು ಅಂತ ಕೇಳುತ್ತಾರೆ. ನಿಗದಿಯಾದದ್ದಕ್ಕಿಂತ ಹೆಚ್ಚು ಕೇಳಬೇಡಿ ಅನ್ನುತ್ತಾನೆ. ಸಿಪಾಯಿಗಳಿಗೆ, ಹೆದರಿಸಿ ದುಡ್ಡು ಕೀಳಬೇಡಿ, ನಿಮ್ಮ ಸಂಬಳ ಸಾಕು ಅನ್ನಿ ಅಂತ. ನಮ್ಮಲ್ಲಿ ಆಟೋ ಓಡಿಸುವವರೊಬ್ಬರು ಇದ್ದಾರೆ. ಅವರು ಕಂಡುಕೊಂಡ ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ: "ಅವನು ಯಾರಿಗೂ ಕೆಲಸ ಬಿಡು ಅಂತ ಹೇಳಲಿಲ್ಲ ಅಲ್ವಾ?" ಹೌದು, ಹೇಳಲಿಲ್ಲ. ಸುಂಕದವನು ಸುಂಕದ ಕಟ್ಟೆಯಲ್ಲೇ ಇರಲಿ, ರೇಟು ಮಾತ್ರ ಸರಿ ಇರಲಿ. ಹಾಗಾದರೆ ರಾತ್ರಿ ಹತ್ತರ ಮೇಲೆ ರೈಲ್ವೆ ಸ್ಟೇಷನ್‌ನಿಂದ ಮೀಟರ್‌ನ ಒಂದೂವರೆ ಪಟ್ಟು ಬಿಟ್ಟು ಮೂರು ಪಟ್ಟು ಕೇಳುವುದು? "ವಾಪಸ್ ಖಾಲಿ ಬರಬೇಕು, ಅದನ್ನು ಯೋಹಾನ ಕೊಡ್ತಾನಾ" ಅಂತ ಅವರ ವಾದ. ಆ ವಾದ ಮುಗಿದಿಲ್ಲ. ನಾವು ಮುಗಿಸಲೂ ಹೋಗಿಲ್ಲ. ಅವರ ಆಟೋದಲ್ಲಿ ರಾತ್ರಿ ಕೂತವರೇ ಹೇಳಬೇಕು.

ಭಾನುವಾರದ ಪ್ರಶ್ನೆ ಆಗಾಗ ಬರುತ್ತದೆ. ಕೇಟರಿಂಗ್ ಮಾಡುವವರಿಗೆ ಮದುವೆ ಇರುವುದೇ ಭಾನುವಾರ. ಆರಾಧನೆ ತಪ್ಪಿಸಿದ್ದಕ್ಕೆ ಮನೆಯಲ್ಲೂ ಮಾತು, ಸಭೆಯಲ್ಲೂ ಮಾತು. ಕುವೈತ್‌ನಲ್ಲಿ ದುಡಿದು ಬಂದವರೊಬ್ಬರು ಇದನ್ನು ಒಂದೇ ಮಾತಿನಲ್ಲಿ ಸಲೀಸು ಮಾಡಿದರು: ಅಲ್ಲಿ ರಜೆ ಶುಕ್ರವಾರ, ಹಾಗಾಗಿ ನಾವು ಆರಾಧಿಸಿದ್ದೂ ಶುಕ್ರವಾರವೇ. ಸಬ್ಬತ್ತು, ಅಂದರೆ ವಿಶ್ರಾಂತಿಯ ದಿನ, ಇರುವುದು ಮನುಷ್ಯನಿಗಾಗಿ, ಮನುಷ್ಯ ಸಬ್ಬತ್ತಿಗಾಗಿ ಅಲ್ಲ ಅನ್ನುವ ಮಾರ್ಕ ಎರಡನೇ ಅಧ್ಯಾಯದ ಮಾತನ್ನು ಅವತ್ತು ಓದಿದೆವು.

ಕೆಲವು ವಿಷಯಗಳಿಗೆ ನಾವು ಕೈ ಹಾಕುವುದಿಲ್ಲ. ಚಿಮುಕಿಸುವ ದೀಕ್ಷಾಸ್ನಾನ ಸರಿಯೋ, ಮುಳುಗಿಸುವುದು ಸರಿಯೋ ಅಂತ ಶುರುವಾದರೆ ಒಂಬತ್ತು ಗಂಟೆಗೆ ಇಬ್ಬರು ಮಾತು ಬಿಟ್ಟಿರುತ್ತಾರೆ. ಸಭೆಯ ಚುನಾವಣೆಯ ಸುದ್ದಿಯಂತೂ ಖಂಡಿತ ಬೇಡ. ವಾಟ್ಸಾಪ್ ಗುಂಪು ಇದೆ, ಅದು ಹೊತ್ತು ಮತ್ತು ಅಧ್ಯಾಯ ತಿಳಿಸಲು ಮಾತ್ರ. ಗುಲಾಬಿ ಹೂವಿನ ಮೇಲೆ ವಚನ ಬರೆದ ಫೋಟೋ ಹಾಕಿದವರು ಮುಂದಿನ ವಾರ ಚಹಾದ ದುಡ್ಡು ಕೊಡಬೇಕು. ಕೂಟದಲ್ಲಿ ಹೇಳಿದ್ದು ಮನೆಗೆ ಹೋಗಬಾರದು ಅನ್ನುವುದೂ ನಿಯಮವೇ. ಕುಡಿತದ ಬಗ್ಗೆ, ಮಗನ ಜೊತೆ ಮಾತು ನಿಂತದ್ದರ ಬಗ್ಗೆ ಯಾರಾದರೂ ಬಾಯಿ ಬಿಡಬೇಕಾದರೆ ಇಷ್ಟು ಭರವಸೆ ಬೇಕೇ ಬೇಕು. ಅಂಥ ಮಾತಿಗೆ ತಕ್ಷಣ ವಚನ ತೆಗೆದು ಉತ್ತರ ಕೊಡುವವರನ್ನು ನಾನು ಕಣ್ಣಲ್ಲೇ ತಡೆಯುತ್ತೇನೆ.

ನಮ್ಮಲ್ಲೊಬ್ಬರ ಮಗ ಬೈಕ್ ಅಪಘಾತದಲ್ಲಿ ಹೋದಾಗ ಅವರ ಮನೆಗೆ ಬಂದವರೆಲ್ಲ ದೇವರ ಚಿತ್ತ, ದೇವರ ಚಿತ್ತ ಅಂದರು. ಬೈಬಲ್‌ನಲ್ಲಿ ಮಕ್ಕಳನ್ನು ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಹಗಲೂ ರಾತ್ರಿ ಅವನ ಜೊತೆ ನೆಲದ ಮೇಲೆ ಬಾಯಿ ಮುಚ್ಚಿ ಕೂತಿದ್ದರಲ್ಲ, ಯೋಬನ ಪುಸ್ತಕದ ಎರಡನೇ ಅಧ್ಯಾಯದ ಕೊನೆಗೆ? ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಬಾಯಿ ಬಿಟ್ಟ ಮೇಲೆ ಎಲ್ಲ ಕೆಟ್ಟಿತು. ನಾವು ಹೋಗಿ ಅಂಗಳದಲ್ಲಿ ಕೂತೆವು. ನೀರು ತಂದೆವು, ಕುರ್ಚಿ ಹಾಕಿದೆವು, ತೆಗೆದೆವು. ಬಹಳ ದಿನಗಳ ಮೇಲೆ ಅವರೇ ಗೋಡೌನ್‌ಗೆ ಬಂದು ಕೀರ್ತನೆ 88 ಓದಿ ಅಂತ ಕೇಳಿದರು. ಕತ್ತಲೆಯಲ್ಲೇ ಮುಗಿಯುವ ಕೀರ್ತನೆ ಅದು, ಕೊನೆಗೂ ಸಮಾಧಾನದ ಮಾತಿಲ್ಲ. ಅದೇ ಬೇಕು ಅಂದರು.

ಶುರು ಮಾಡುವವರಿಗೆ: ಮೊದಲ ಸಲ ಫಿಲೆಮೋನನಿಗೆ ಬರೆದ ಪತ್ರಿಕೆ ಓದಿ. 25 ವಚನ, ಒಂದೇ ಕೂತಿಗೆ ಮುಗಿಯುತ್ತದೆ. ಓಡಿಹೋದ ಆಳು, ಸಿಟ್ಟಾದ ಯಜಮಾನ, ಅವನ ಸಾಲವನ್ನು ನನ್ನ ಲೆಕ್ಕಕ್ಕೆ ಬರೆದುಕೋ ಅನ್ನುವ ಮಧ್ಯಸ್ಥ. ಅಂಗಡಿ ಇಟ್ಟವರಿಗೆ, ಆಳು ಇಟ್ಟವರಿಗೆ, ಆಳಾಗಿ ದುಡಿದವರಿಗೆ, ಎಲ್ಲರಿಗೂ ಹೇಳಲು ಏನಾದರೂ ಸಿಗುತ್ತದೆ. ಬೈಬಲ್ ತರದವರಿಗೆ ಮೊಬೈಲ್‌ನಲ್ಲಿ ತೆಗೆದುಕೊಡಿ, ಬೇರೆ ಬೇರೆ ಅನುವಾದ ಇದ್ದರೆ ಗಟ್ಟಿಯಾಗಿ ಓದಲು ಒಂದನ್ನೇ ಇಟ್ಟುಕೊಳ್ಳಿ.

ನಾವೀಗ ನೆಹೆಮೀಯನ ಐದನೇ ಅಧ್ಯಾಯದಲ್ಲಿದ್ದೇವೆ. ಹೊಲ, ದ್ರಾಕ್ಷೆತೋಟ, ಮನೆ ಅಡವಿಟ್ಟು ಧಾನ್ಯ ತಂದ ಜನ ತಮ್ಮವರ ಮೇಲೆಯೇ ದೂರು ಹೇಳುವ ಭಾಗ. ನಮ್ಮಲ್ಲಿ ಬಂಗಾರ ಅಡವಿಟ್ಟವರು ಇದ್ದಾರೆ, ವಾರದ ಕಂತಿನ ಸಾಲ ತೆಗೆದವರು ಇದ್ದಾರೆ, ಬಡ್ಡಿಗೆ ದುಡ್ಡು ಕೊಡುವವರೂ ಒಬ್ಬರು ಇದ್ದಾರೆ. ಕಳೆದ ವಾರ, ನಿಮ್ಮವರಿಂದಲೇ ಬಡ್ಡಿ ತೆಗೆಯುತ್ತೀರಲ್ಲ ಅಂತ ನೆಹೆಮೀಯ ಗದರಿಸುವ ಏಳನೇ ವಚನಕ್ಕೆ ನಿಂತಿತು, ಮುಂದಕ್ಕೆ ಹೋಗಲಿಲ್ಲ. ಈ ಶನಿವಾರ ಅಲ್ಲಿಂದಲೇ.